ಪುಟ ತೆರೆಯುವ ಮೊದಲೇ ಬರುವ ತೀರ್ಪು

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಉದ್ಯಮದಲ್ಲಿ ಒಂದು ಸಂಚಿಕೆಯ ಭವಿಷ್ಯವು ಅದು ಅಂಗಡಿಗೆ ಬರುವುದಕ್ಕೆ ಎಷ್ಟೋ ವಾರ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಡಿಸಿ, ಮಾರ್ವೆಲ್ ಮೊದಲಾದ ಪ್ರಕಾಶನ ಸಂಸ್ಥೆಗಳು ಮುಂಬರುವ ಸಂಚಿಕೆಗಳ ವಿವರವನ್ನು ಸುಮಾರು ಮೂರು ತಿಂಗಳು ಮುಂಚಿತವಾಗಿ ಪ್ರಕಟಿಸುತ್ತವೆ. ಮುಖಪುಟದ ಚಿತ್ರ, ಲೇಖಕ ಮತ್ತು ಚಿತ್ರಕಾರರ ಹೆಸರು, ಪುಟಸಂಖ್ಯೆ, ಬೆಲೆ, ಜೊತೆಗೆ ನಾಲ್ಕಾರು ಸಾಲಿನ ಕಥಾಸೂಚನೆ ಇರುವ ಈ ಪ್ರಕಟಣೆಗೆ ಆ ವ್ಯಾಪಾರದಲ್ಲಿ ಸಾಲಿಸಿಟೇಷನ್ ಎಂದು ಹೆಸರು. ಓದುಗನು ಅದನ್ನು ನೋಡಿ ತನ್ನ ಊರಿನ ಕಾಮಿಕ್ಸ್ ಅಂಗಡಿಯಲ್ಲಿ ಹೆಸರು ಬರೆಸುತ್ತಾನೆ. ಹೀಗೆ ಬರೆಸಿದವರಿಗಾಗಿ ಎತ್ತಿಡಬೇಕಾದ ಸಂಚಿಕೆಗಳ ಪಟ್ಟಿಯನ್ನು ಪುಲ್ ಲಿಸ್ಟ್ ಎನ್ನುತ್ತಾರೆ. ಅಂಗಡಿಯವನು ಆ ಪಟ್ಟಿಯನ್ನೂ ತನ್ನ ಅನುಭವದ ಅಂದಾಜನ್ನೂ ಕೂಡಿಸಿ ವಿತರಕನಿಗೆ ಬೇಡಿಕೆ ಸಲ್ಲಿಸುತ್ತಾನೆ, ಮಾರಾಟಕ್ಕೆ ಕೆಲವು ವಾರಗಳಿರುವಾಗ ಬರುವ ಎಫ್‌ಓಸಿ, ಅಂದರೆ ಫೈನಲ್ ಆರ್ಡರ್ ಕಟಾಫ್ ಎಂಬ ಕೊನೆಯ ಗಡುವಿನವರೆಗೆ ಅದನ್ನು ಹೆಚ್ಚಿಸಬಹುದು ಇಲ್ಲವೇ ತಗ್ಗಿಸಬಹುದು. ಆ ಗಡುವು ಕಳೆದ ಮೇಲೆ ಮುದ್ರಣದ ಸಂಖ್ಯೆ ನಿಶ್ಚಿತವಾಗುತ್ತದೆ, ಬಹುಪಾಲು ಸಂದರ್ಭಗಳಲ್ಲಿ ಮಾರಾಟವಾಗದೆ ಉಳಿದ ಪ್ರತಿಗಳನ್ನು ಅಂಗಡಿಯವನು ಹಿಂದಿರುಗಿಸುವಂತಿಲ್ಲ.

ಮುಂಬರುವ ಕಾಮಿಕ್ಸ್ ಕುರಿತು ಅಭಿಮಾನಿಗಳು ವ್ಯಕ್ತಪಡಿಸುವ ಹರ್ಷ, ಅನುಮಾನ ಮತ್ತು ಕೋಪವನ್ನು ಈ ವ್ಯವಸ್ಥೆಯ ಹಿನ್ನೆಲೆಯಲ್ಲಿ ನೋಡಿದಾಗ ಮಾತ್ರ ಅವುಗಳ ನಿಜವಾದ ತೂಕ ತಿಳಿಯುತ್ತದೆ. ಕಾದಂಬರಿಯೊಂದರ ಬಗ್ಗೆ ಓದುಗರ ಅಭಿಪ್ರಾಯ ಸಾಮಾನ್ಯವಾಗಿ ಅದನ್ನು ಓದಿದ ಮೇಲೆ ಹುಟ್ಟುತ್ತದೆ, ಲೇಖಕನ ಮುಂದಿನ ಪುಸ್ತಕದ ಮೇಲೆ ನಿಧಾನವಾಗಿ ಪರಿಣಾಮ ಬೀರುತ್ತದೆ. ಸೂಪರ್‌ಹೀರೋ ಸಂಚಿಕೆಯ ವಿಷಯದಲ್ಲಾದರೋ ಒಂದು ಮುಖಪುಟ, ಒಂದು ವೇಷದ ರೇಖಾಚಿತ್ರ, ಒಂದು ವಾಕ್ಯದ ಸೂಚನೆ ಇಷ್ಟನ್ನೇ ಕಂಡು ಹುಟ್ಟಿದ ಪ್ರತಿಕ್ರಿಯೆಯು ನೇರವಾಗಿ ಮುದ್ರಣಸಂಖ್ಯೆಯಾಗಿ ಮಾರ್ಪಡುತ್ತದೆ, ಆ ಸಂಖ್ಯೆಯನ್ನು ನೋಡಿಯೇ ಮಾಲಿಕೆಯನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬ ನಿರ್ಧಾರವೂ ಆಗುತ್ತದೆ. ಮೊದಲ ಸಂಚಿಕೆ ಓದುಗನ ಕೈ ಸೇರುವ ಹೊತ್ತಿಗೆ ಎರಡನೆಯ ಮತ್ತು ಮೂರನೆಯ ಸಂಚಿಕೆಗಳ ಪ್ರಾಥಮಿಕ ಬೇಡಿಕೆ ಆಗಲೇ ಸಲ್ಲಿಕೆಯಾಗಿರುವುದು ಈ ಉದ್ಯಮದ ನಿತ್ಯದ ಸಂಗತಿ. ಓದುವುದಕ್ಕೆ ಮೊದಲೇ ತೀರ್ಪು ಕೊಡಬೇಕಾದ ಈ ಸ್ಥಿತಿಯನ್ನು ಅಭಿಮಾನಿಗಳು ತಾವಾಗಿ ತಂದುಕೊಂಡದ್ದಲ್ಲ. ಅದು ಐವತ್ತು ವರ್ಷಗಳಲ್ಲಿ ವ್ಯಾಪಾರವು ಅವರ ಮೇಲೆ ಹೊರಿಸಿದ ಹೊಣೆ.

ಇದಕ್ಕೆ ಇತ್ತೀಚಿನ ಅತ್ಯಂತ ಸ್ಪಷ್ಟ ನಿದರ್ಶನವೆಂದರೆ ಡಿಸಿ ಸಂಸ್ಥೆಯ ‘ಆಬ್ಸೊಲ್ಯೂಟ್ ಬ್ಯಾಟ್‌ಮನ್’. ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೋಟಾ ಚಿತ್ರಿಸಿದ ಈ ಮಾಲಿಕೆಯ ಮೊದಲ ಸಂಚಿಕೆ 2024ರ ಅಕ್ಟೋಬರ್ 9ರಂದು ಮಾರಾಟಕ್ಕೆ ಬಂದಿತು. ಆದರೆ ನಾಯಕನ ಹೊಸ ರೂಪ ಪ್ರಕಟವಾದದ್ದು ಆ ವರ್ಷದ ಜುಲೈನಲ್ಲಿ. ಮನುಷ್ಯನ ಅಳತೆಯನ್ನೇ ಮೀರಿದಂತಿದ್ದ ಭುಜ, ಎದೆಯ ಅಗಲಕ್ಕೂ ಹರಡಿದ ಚೌಕಾಕಾರದ ಬಾವಲಿ ಲಾಂಛನ, ಗೋಡೆಯಂಥ ಮೈಕಟ್ಟು ಇವನ್ನು ಕಂಡು ಅಭಿಮಾನಿಗಳಲ್ಲಿ ಒಂದು ವರ್ಗ ಉತ್ಸಾಹಗೊಂಡರೆ, ಇನ್ನೊಂದು ವರ್ಗವು ಇದು ಗಾತ್ರದ ಆರ್ಭಟವಷ್ಟೇ ಎಂದು ಆಕ್ಷೇಪಿಸಿತು. ಆಗ ಯಾರ ಬಳಿಯೂ ಕಥೆ ಇರಲಿಲ್ಲ. ಸಂಚಿಕೆ ಬಂದ ಮೇಲೆ ತಿಳಿದದ್ದೆಂದರೆ ಆ ಗಾತ್ರಕ್ಕೆ ಕಥೆಯಲ್ಲಿಯೇ ಕಾರಣವಿದೆ ಎಂಬುದು. ಈ ಮಾಲಿಕೆಯಲ್ಲಿ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್‌ಗೆ ಮಹಲಿಲ್ಲ, ಪಿತ್ರಾರ್ಜಿತ ಸಂಪತ್ತಿಲ್ಲ, ಸೇವಕನಿಲ್ಲ. ಅವನು ನಗರಕ್ಕಾಗಿ ದುಡಿಯುವ ಎಂಜಿನಿಯರ್, ತಂದೆ ಶಾಲಾ ಶಿಕ್ಷಕನಾಗಿದ್ದು ಗುಂಡೇಟಿಗೆ ಬಲಿಯಾದವನು, ತಾಯಿ ಮಾರ್ತಾ ಬದುಕಿದ್ದಾಳೆ. ಮೂಲ ಕಥೆಯಲ್ಲಿ ಮನೆಯ ಹಿರಿಯ ಸೇವಕನಾಗಿದ್ದ ಆಲ್‌ಫ್ರೆಡ್ ಇಲ್ಲಿ ಬ್ರಿಟಿಷ್ ಗುಪ್ತಚರನಾಗಿ ಅವನನ್ನು ದೂರದಿಂದ ಅಳೆಯುತ್ತಾನೆ. ಹಣದಿಂದ ಕೊಳ್ಳುವ ಯಂತ್ರಗಳು ಇಲ್ಲದವನಿಗೆ ದೇಹವೇ ಯಂತ್ರವಾಗಬೇಕಾಗುತ್ತದೆ, ಎದೆಯ ಮೇಲಿನ ಲಾಂಛನವನ್ನು ಕಿತ್ತರೆ ಅದು ಕೊಡಲಿಯಾಗುತ್ತದೆ. ಜುಲೈನಲ್ಲಿ ಆಕ್ಷೇಪಕ್ಕೆ ಗುರಿಯಾದ ರೇಖೆಗಳೇ ಅಕ್ಟೋಬರ್‌ನಲ್ಲಿ ಅರ್ಥ ಪಡೆದುಕೊಂಡವು. ಅಂಗಡಿಗಳಲ್ಲಿ ಪ್ರತಿ ಮುಗಿದು ಸಂಸ್ಥೆಯು ಆ ಸಂಚಿಕೆಯನ್ನು ಮತ್ತೆ ಮತ್ತೆ ಮುದ್ರಿಸಬೇಕಾಯಿತು. ಈ ಮರುಮುದ್ರಣವನ್ನು ಗೆಲುವಿನ ಗುರುತೆಂದು ಮಾತ್ರ ಓದುವುದು ವಾಡಿಕೆ. ಮುಂಗಡ ಅಂದಾಜು ಎಷ್ಟು ತಪ್ಪಿತ್ತು ಎಂಬುದರ ಲೆಕ್ಕವೂ ಅದರಲ್ಲಿಯೇ ಇದೆ.

ಈ ವ್ಯವಸ್ಥೆ ಮೊದಲಿನಿಂದಲೂ ಹೀಗಿರಲಿಲ್ಲ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಾಗ, ಅದು ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ಜೊತೆಯಲ್ಲಿ ರಸ್ತೆಬದಿಯ ಪತ್ರಿಕಾ ಮಳಿಗೆಗಳಲ್ಲಿ ಹತ್ತು ಸೆಂಟಿಗೆ ಮಾರಾಟವಾಗುತ್ತಿತ್ತು. ಮಳಿಗೆಯವನು ಬಂದಷ್ಟನ್ನು ಮಾರಿ, ಉಳಿದ ಪ್ರತಿಗಳನ್ನು ಅಥವಾ ಅವುಗಳ ಮುಖಪುಟದ ಹರಿದ ತುಂಡನ್ನು ಹಿಂದಿರುಗಿಸಿ ಹಣ ಪಡೆಯುತ್ತಿದ್ದನು. ನಷ್ಟ ಪ್ರಕಾಶಕನದು, ಆದ್ದರಿಂದ ಪ್ರಕಾಶಕನು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಪ್ರತಿ ಮುದ್ರಿಸಬೇಕಾಗಿತ್ತು, ಓದುಗನ ಒಲವು ಅವನಿಗೆ ತಿಳಿಯುತ್ತಿದ್ದದ್ದು ಉಳಿದ ಪ್ರತಿಗಳ ಲೆಕ್ಕ ಬಂದ ಮೇಲೆ, ಅಂದರೆ ತಿಂಗಳುಗಳು ಕಳೆದ ನಂತರ. 1970ರ ದಶಕದ ಆರಂಭದಲ್ಲಿ, ನ್ಯೂಯಾರ್ಕ್‌ನಲ್ಲಿ ಕಾಮಿಕ್ಸ್ ಸಮ್ಮೇಳನಗಳನ್ನು ನಡೆಸುತ್ತಿದ್ದ ಫಿಲ್ ಸ್ಯೂಲಿಂಗ್ ಎಂಬ ಶಿಕ್ಷಕನು ಪ್ರಕಾಶಕರ ಮುಂದೆ ಹೊಸ ಒಪ್ಪಂದವೊಂದನ್ನಿಟ್ಟನು. ಬೆಲೆಯಲ್ಲಿ ಹೆಚ್ಚಿನ ರಿಯಾಯಿತಿ ಕೊಟ್ಟರೆ ಪ್ರತಿಗಳನ್ನು ನೇರವಾಗಿ ಕೊಂಡು, ಉಳಿದದ್ದನ್ನು ಹಿಂದಿರುಗಿಸದೆ ತಾನೇ ಇಟ್ಟುಕೊಳ್ಳುವುದು ಅದರ ತಿರುಳು. ಡೈರೆಕ್ಟ್ ಮಾರ್ಕೆಟ್ ಎಂದು ಹೆಸರಾದ ಈ ಪದ್ಧತಿಯಿಂದ ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಹುಟ್ಟಿಕೊಂಡವು, ನಷ್ಟದ ಭಾರ ಪ್ರಕಾಶಕನ ಹೆಗಲಿನಿಂದ ಅಂಗಡಿಯವನ ಹೆಗಲಿಗೆ ಜಾರಿತು. 1981ರಲ್ಲಿ ಮಾರ್ವೆಲ್ ತನ್ನ ‘ಡ್ಯಾಜ಼್ಲರ್’ನ ಮೊದಲ ಸಂಚಿಕೆಯನ್ನು ಇಂಥ ಅಂಗಡಿಗಳಿಗೆ ಮಾತ್ರ ಕೊಟ್ಟಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿಗಳಿಗೆ ಬೇಡಿಕೆ ಬಂದಿತು. ಅಂದಿನಿಂದ ಪ್ರಕಾಶಕನ ನಿಜವಾದ ಗಿರಾಕಿ ಓದುಗನಲ್ಲ, ಅಂಗಡಿಯವನು. ಅಂಗಡಿಯವನಿಗೆ ಮುಂದೇನಾಗುವುದೆಂದು ತಿಳಿಯಬೇಕು. ಅದಕ್ಕಾಗಿ ಓದುಗನು ಮುಂಚಿತವಾಗಿಯೇ ಮಾತನಾಡಬೇಕು.

ಓದುಗರು ಮಾತನಾಡುವ ಅಭ್ಯಾಸವಾದರೋ ಅದಕ್ಕೂ ಹಿಂದಿನದು. ಕನ್ನಡ ಪತ್ರಿಕೆಗಳ ಓದುಗರಿಗೆ ಪರಿಚಿತವಾದ ವಾಚಕರ ವಾಣಿಯಂಥ ಪತ್ರಗಳ ಅಂಕಣವೊಂದು ಅಮೆರಿಕದ ಕಾಮಿಕ್ಸ್ ಸಂಚಿಕೆಗಳ ಕೊನೆಯ ಪುಟಗಳಲ್ಲಿಯೂ ಇರುತ್ತಿತ್ತು. 1960ರ ದಶಕದ ಆರಂಭದಲ್ಲಿ ಡಿಸಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್, ತಾನೇ ಎಳೆಯ ವಯಸ್ಸಿನಲ್ಲಿ ವಿಜ್ಞಾನಕಥೆಗಳ ಅಭಿಮಾನಿಯಾಗಿದ್ದವನು, ಪತ್ರ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚುಹಾಕತೊಡಗಿದನು. ಆ ಒಂದು ಸಣ್ಣ ನಿರ್ಧಾರದಿಂದ ದೂರದೂರದ ಊರುಗಳ ಓದುಗರು ಪರಸ್ಪರ ಪತ್ರ ಬರೆಯಲು ಸಾಧ್ಯವಾಯಿತು. 1961ರಲ್ಲಿ ಜೆರ್ರಿ ಬೇಲ್ಸ್ ಎಂಬ ಪ್ರಾಧ್ಯಾಪಕನು ‘ಆಲ್ಟರ್ ಈಗೋ’ ಎಂಬ ಅಭಿಮಾನಿ ಪತ್ರಿಕೆಯನ್ನು ಆರಂಭಿಸಿದನು. ಅದರಲ್ಲಿ ಅವನ ಜೊತೆಗಾರನಾಗಿದ್ದ ರಾಯ್ ಥಾಮಸ್ 1965ರಲ್ಲಿ ಮಾರ್ವೆಲ್ ಸೇರಿ, 1972ರಲ್ಲಿ ಸ್ಟ್ಯಾನ್ ಲೀಯ ನಂತರ ಅದರ ಪ್ರಧಾನ ಸಂಪಾದಕನಾದನು. ಲೀ ಮತ್ತು ಜ್ಯಾಕ್ ಕರ್ಬಿ 1961ರಲ್ಲಿ ಆರಂಭಿಸಿದ ‘ಫೆಂಟಾಸ್ಟಿಕ್ ಫೋರ್’ನ ಪತ್ರಗಳ ಪುಟದಲ್ಲಿ ಸಂಪಾದಕನ ಉತ್ತರವು ನೆರೆಮನೆಯವರ ಹರಟೆಯ ಧಾಟಿಯಲ್ಲಿರುತ್ತಿತ್ತು, 1963ರಲ್ಲಿ ಆ ಪುಟದಲ್ಲಿ ಮೆಚ್ಚುಗೆಯ ಪತ್ರ ಅಚ್ಚಾದ ಒಬ್ಬ ಹುಡುಗನೇ ಮುಂದೆ ಕಾದಂಬರಿಕಾರನಾಗಿ ಹೆಸರಾದ ಜಾರ್ಜ್ ಆರ್. ಆರ್. ಮಾರ್ಟಿನ್. ಈ ಪತ್ರಗಳೆಲ್ಲವೂ ಓದಿದ ಮೇಲೆ ಬರೆದವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಸಂಚಿಕೆ ಬರುತ್ತಿತ್ತು, ಓದುಗ ಓದುತ್ತಿದ್ದ, ಯೋಚಿಸುತ್ತಿದ್ದ, ಅಂಚೆಗೆ ಹಾಕುತ್ತಿದ್ದ. ಅವನ ಮಾತು ಅಚ್ಚಾಗುವಷ್ಟರಲ್ಲಿ ಕಥೆ ಬಹುದೂರ ಸಾಗಿರುತ್ತಿತ್ತು. ಆ ವಿಳಂಬದಲ್ಲಿ ಲೇಖಕನಿಗೂ ಓದುಗನಿಗೂ ಒಂದು ಬಗೆಯ ರಕ್ಷಣೆಯಿತ್ತು.

ಆ ಅಂತರವನ್ನು ಸಂಪೂರ್ಣವಾಗಿ ಅಳಿಸಿಹಾಕಿದರೆ ಏನಾಗುತ್ತದೆಂಬುದನ್ನು 1988ರಲ್ಲಿ ಡಿಸಿ ಸಂಸ್ಥೆಯೇ ಪರೀಕ್ಷಿಸಿ ನೋಡಿತು. ಬ್ಯಾಟ್‌ಮನ್‌ನ ಕಿರಿಯ ಸಂಗಾತಿಯನ್ನು ರಾಬಿನ್ ಎನ್ನುತ್ತಾರೆ. ಮೊದಲ ರಾಬಿನ್ ಆಗಿದ್ದ ಡಿಕ್ ಗ್ರೇಸನ್ ಬೆಳೆದು ಸ್ವತಂತ್ರನಾದ ಮೇಲೆ ಆ ಸ್ಥಾನಕ್ಕೆ ಜೇಸನ್ ಟಾಡ್ ಎಂಬ ಹುಡುಗ ಬಂದಿದ್ದನು. 1983ರಲ್ಲಿ ಮೊದಲು ಕಾಣಿಸಿಕೊಂಡಾಗ ಅವನು ಗ್ರೇಸನ್‌ನಂತೆಯೇ ಸರ್ಕಸ್ ಕುಟುಂಬದವನಾಗಿದ್ದನು. 1987ರಲ್ಲಿ ಅವನ ಪೂರ್ವಕಥೆಯನ್ನು ಬದಲಿಸಿ, ಬ್ಯಾಟ್‌ಮನ್‌ನ ಕಾರಿನ ಚಕ್ರಗಳನ್ನೇ ಕದಿಯಲು ಬಂದ ಬೀದಿ ಹುಡುಗನನ್ನಾಗಿ ಮಾಡಲಾಯಿತು. ಹೀಗೆ ಹಿಂದೆ ಪ್ರಕಟವಾದ ಸಂಗತಿಯನ್ನು ನಂತರದ ಕಥೆಯಲ್ಲಿ ತಿದ್ದಿ ಬರೆಯುವುದನ್ನು ಈ ವಲಯದಲ್ಲಿ ರೆಟ್‌ಕಾನ್ ಎನ್ನುತ್ತಾರೆ. ಹೊಸ ಜೇಸನ್ ಒರಟ, ಹಟಮಾರಿ. ಅನೇಕ ಓದುಗರಿಗೆ ಅವನು ಹಿಡಿಸಲಿಲ್ಲ. ಸಂಪಾದಕ ಡೆನ್ನಿಸ್ ಓ'ನೀಲ್ ಈ ಅಸಮಾಧಾನವನ್ನು ಮತದಾನವಾಗಿ ಪರಿವರ್ತಿಸಿದನು. ಜಿಮ್ ಸ್ಟಾರ್ಲಿನ್ ಬರೆದು ಜಿಮ್ ಅಪಾರೋ ಚಿತ್ರಿಸಿದ ‘ಎ ಡೆತ್ ಇನ್ ದ ಫ್ಯಾಮಿಲಿ’ ಎಂಬ ಕಥೆಯಲ್ಲಿ ಬ್ಯಾಟ್‌ಮನ್‌ನ ಬದ್ಧವೈರಿ ಜೋಕರ್‌ನ ಬಾಂಬು ಸಿಡಿಯುತ್ತದೆ, ಸಂಚಿಕೆ ಅಲ್ಲಿಗೇ ನಿಲ್ಲುತ್ತದೆ, ಕೊನೆಯಲ್ಲಿ ಎರಡು ದೂರವಾಣಿ ಸಂಖ್ಯೆಗಳಿರುತ್ತವೆ. ಹುಡುಗ ಬದುಕಬೇಕೆನ್ನುವವರಿಗೆ ಒಂದು, ಸಾಯಬೇಕೆನ್ನುವವರಿಗೆ ಇನ್ನೊಂದು. ಒಂದು ಕರೆಗೆ 50 ಸೆಂಟ್.

ಸೆಪ್ಟೆಂಬರ್ 15 ಮತ್ತು 16ರಂದು ಸುಮಾರು ಒಂದೂವರೆ ದಿನ ನಡೆದ ಈ ಮತದಾನದಲ್ಲಿ ಸಾವಿನ ಪರವಾಗಿ 5,343, ಬದುಕಿನ ಪರವಾಗಿ 5,271 ಕರೆಗಳು ಬಂದವು. ಅಂತರ ಬರೀ 72. ಎರಡೂ ಬಗೆಯ ಪುಟಗಳನ್ನು ಮೊದಲೇ ಸಿದ್ಧಪಡಿಸಲಾಗಿತ್ತು, ಫಲಿತಾಂಶ ಬಂದ ಮೇಲೆ ಮಗುವಿನ ಶವವನ್ನು ಹೊತ್ತ ಬ್ಯಾಟ್‌ಮನ್‌ನ ಪುಟ ಮುದ್ರಣಕ್ಕೆ ಹೋಯಿತು. ಈ ಪ್ರಸಂಗವನ್ನು ಅಭಿಮಾನಿಗಳ ಕ್ರೌರ್ಯಕ್ಕೆ ಉದಾಹರಣೆಯಾಗಿ ತೋರಿಸುವವರು ಬಹಳ ಮಂದಿ ಇದ್ದಾರೆ, ಆದರೆ ಆ ಮಾತು ಅರ್ಧ ಸತ್ಯ. ಪ್ರಶ್ನೆಯನ್ನು ಕೇಳಿದವರು ಸಂಪಾದಕರು. ಸಾವು ಬದುಕುಗಳನ್ನು ಎರಡು ಸಂಖ್ಯೆಗಳಾಗಿ ಒಡೆದು, ಒಂದೇ ವ್ಯಕ್ತಿ ಎಷ್ಟು ಬಾರಿಯಾದರೂ ಕರೆ ಮಾಡಬಹುದಾದ ವ್ಯವಸ್ಥೆ ಮಾಡಿದವರೂ ಅವರೇ. ಜೇಸನ್‌ನನ್ನು ಇನ್ನೂ ಚೆನ್ನಾಗಿ ಬರೆಯಿರಿ ಎನ್ನಲು ಮೂರನೆಯ ಸಂಖ್ಯೆ ಇರಲಿಲ್ಲ. ಪತ್ರದಲ್ಲಾಗಿದ್ದರೆ ಓದುಗನು ಅದನ್ನೇ ಬರೆಯುತ್ತಿದ್ದನೋ ಏನೋ. ಜೇಸನ್ 2005ರಲ್ಲಿ ಜಡ್ ವಿನಿಕ್‌ನ ಕಥೆಯಲ್ಲಿ ಕೆಂಪು ಮುಸುಕಿನ ರೆಡ್ ಹುಡ್ ಆಗಿ ಮರಳಿ ಬಂದು ಓದುಗರ ಅಪಾರ ಪ್ರೀತಿಗೆ ಪಾತ್ರನಾದನು. 2023ರ ಡಿಸೆಂಬರ್‌ನಲ್ಲಿ ಡಿಸಿ ಸಂಸ್ಥೆಯು ಅವನು ಬದುಕುಳಿಯುವ ಪುಟಗಳನ್ನು ಸೇರಿಸಿ ಆ ಹಳೆಯ ಸಂಚಿಕೆಯನ್ನು ಪ್ರಕಟಿಸಿತು. ಮೂವತ್ತೈದು ವರ್ಷಗಳ ನಂತರ ಸೋತ ಪಕ್ಷದ 5,271 ಕರೆಗಳಿಗೂ ಹೀಗೆ ಒಂದು ಪುಸ್ತಕ ದೊರೆಯಿತು.

1990ರ ದಶಕದ ಮೊದಲ ವರ್ಷಗಳಲ್ಲಿ ಮುಂಗಡ ಬೇಡಿಕೆಯು ಓದಿನಿಂದ ಸಂಪೂರ್ಣವಾಗಿ ಕಳಚಿಕೊಂಡಿತು. 1991ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಿಮ್ ಲೀ ರೂಪಿಸಿದ ‘ಎಕ್ಸ್-ಮೆನ್’ನ ಹೊಸ ಮೊದಲ ಸಂಚಿಕೆಯು ಐದು ಬಗೆಯ ಮುಖಪುಟಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು, ಇದು ಅಂಗಡಿಗಳು ತರಿಸಿಕೊಂಡ ಸಂಖ್ಯೆಯೇ ಹೊರತು ಓದಿದವರ ಸಂಖ್ಯೆಯಲ್ಲ, ಮುಂದೆ ಬೆಲೆ ಏರುವುದೆಂದು ನಂಬಿ ಒಬ್ಬೊಬ್ಬರೇ ಹಲವು ಪ್ರತಿ ಕೊಂಡಿದ್ದರು. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಕಪ್ಪು ಚೀಲದಲ್ಲಿ, ಶೋಕಸೂಚಕ ತೋಳುಪಟ್ಟಿಯ ಸಮೇತ ಮಾರಿದಾಗ ಅಂಗಡಿಗಳ ಮುಂದೆ ಸಾಲುಗಳು ನಿಂತವು; ಅನೇಕರು ಆ ಚೀಲವನ್ನು ಇಂದಿಗೂ ಬಿಚ್ಚಿಲ್ಲ. ಮುಂದಿನ ವರ್ಷವೇ ನಾಯಕ ಮರಳಿ ಬಂದನು. ಎಲ್ಲರ ಬಳಿಯೂ ಇರುವ ವಸ್ತುವಿಗೆ ಬೆಲೆ ಬರುವುದಿಲ್ಲವೆಂಬುದು ತಿಳಿಯುತ್ತಿದ್ದಂತೆ ಕೊಳ್ಳುವವರು ಚದುರಿದರು, ಮಾರಾಟವಾಗದ ರಾಶಿಗಳ ನಡುವೆ ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋಯಿತು. ಇಷ್ಟಾದರೂ ಬಗೆಬಗೆಯ ಮುಖಪುಟಗಳ ಅಭ್ಯಾಸ ಹೋಗಲಿಲ್ಲ. ಒಂದು ಸಂಚಿಕೆಗೆ ಬೇರೆ ಬೇರೆ ಚಿತ್ರಕಾರರು ಬರೆದ ಮುಖಪುಟಗಳನ್ನು ವೇರಿಯಂಟ್ ಎನ್ನುತ್ತಾರೆ. ಸಾಮಾನ್ಯ ಮುಖಪುಟದ 25 ಪ್ರತಿ ತರಿಸಿದ ಅಂಗಡಿಗೆ ಮಾತ್ರ ಒಂದು ವಿಶೇಷ ಮುಖಪುಟದ ಪ್ರತಿ ಎಂಬಂಥ ಷರತ್ತುಗಳು ಈಗಲೂ ಬೇಡಿಕೆಯ ಸಂಖ್ಯೆಯನ್ನು ಉಬ್ಬಿಸುತ್ತಲೇ ಇವೆ.

ಅಭಿಮಾನಿಗಳ ಕೋಪದ ವಿಷಯಕ್ಕೆ ಬಂದರೆ, ಓದುವ ಮೊದಲಿನ ಕೋಪವೆಲ್ಲವೂ ಒಂದೇ ಬಗೆಯದಲ್ಲ. 2012ರ ಡಿಸೆಂಬರ್‌ನಲ್ಲಿ ‘ಅಮೇಜ಼ಿಂಗ್ ಸ್ಪೈಡರ್-ಮ್ಯಾನ್’ನ 700ನೆಯ ಸಂಚಿಕೆಯ ತಿರುಳು ಮಾರಾಟಕ್ಕೆ ಮೊದಲೇ ಸೋರಿತು. ಸ್ಪೈಡರ್-ಮ್ಯಾನ್ ಆಗಿರುವ ಪೀಟರ್ ಪಾರ್ಕರ್‌ನ ದೇಹದೊಳಗೆ ಅವನ ಶತ್ರು ಡಾಕ್ಟರ್ ಆಕ್ಟೋಪಸ್‌ನ ಮನಸ್ಸು ನೆಲೆಸುತ್ತದೆ, ಪೀಟರ್ ಸಾಯುತ್ತಾನೆ ಎಂಬುದು ತಿಳಿದೊಡನೆ ಲೇಖಕ ಡ್ಯಾನ್ ಸ್ಲಾಟ್‌ಗೆ ಕೊಲೆಬೆದರಿಕೆಗಳು ಬಂದವು. ಅಭಿಮಾನವೆಂಬ ಹೆಸರಿನಲ್ಲಿ ನಡೆದ ಈ ನಡತೆಗೆ ಯಾವ ಸಮರ್ಥನೆಯೂ ಸಾಧ್ಯವಿಲ್ಲ. ಮುಂದೆ 2013ರಲ್ಲಿ ಆರಂಭವಾದ ‘ಸುಪೀರಿಯರ್ ಸ್ಪೈಡರ್-ಮ್ಯಾನ್’ನಲ್ಲಿ ಅಹಂಕಾರಿಯೊಬ್ಬನು ಒಳ್ಳೆಯವನಾಗಲು ಹೆಣಗುವ ಕಥೆಯನ್ನು ಓದಿದ ಮೇಲೆ, ವಿರೋಧಿಸಿದವರಲ್ಲಿಯೇ ಎಷ್ಟೋ ಮಂದಿ ಅದನ್ನು ಮೆಚ್ಚಿಕೊಂಡರು, ಪೀಟರ್ 2014ರಲ್ಲಿ ಮರಳಿದನು. ಇದಕ್ಕಿಂತ ಭಿನ್ನವಾದದ್ದು 2016ರ ಮೇ ತಿಂಗಳ ‘ಕ್ಯಾಪ್ಟನ್ ಅಮೆರಿಕ: ಸ್ಟೀವ್ ರಾಜರ್ಸ್’ ಪ್ರಸಂಗ. ನಿಕ್ ಸ್ಪೆನ್ಸರ್ ಬರೆದ ಅದರ ಮೊದಲ ಸಂಚಿಕೆಯ ಕೊನೆಯ ಪುಟದಲ್ಲಿ ನಾಯಕನು ತಾನು ಹೈಡ್ರಾ ಎಂಬ, ನಾಜಿಗಳ ಜೊತೆ ನಂಟಿನ ಇತಿಹಾಸವುಳ್ಳ ಕಲ್ಪಿತ ಸಂಘಟನೆಯವನೆಂದು ಘೋಷಿಸುತ್ತಾನೆ. ಮುಂದಿನ ಸಂಚಿಕೆಯಲ್ಲಿಯೇ ಖಳನಾಯಕನು ಅವನ ನೆನಪುಗಳನ್ನು ತಿದ್ದಿದ್ದನೆಂಬ ವಿವರಣೆ ಬಂದಿತು, ಧಾರಾವಾಹಿ ಕಥೆಯನ್ನು ನಡುವೆಯೇ ಖಂಡಿಸಬಾರದೆಂದು ಕೆಲವರು ವಾದಿಸಿದರು. ಆದರೆ ಆ ಕೋಪಕ್ಕೆ ಬೇರೆಯೇ ಬೇರಿತ್ತು. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬ ಇಬ್ಬರು ಯಹೂದಿ ತರುಣರು, ಅಮೆರಿಕ ಯುದ್ಧಕ್ಕೆ ಇಳಿಯುವುದಕ್ಕೆ ಮೊದಲೇ, ಹಿಟ್ಲರ್‌ನ ದವಡೆಗೆ ಗುದ್ದುವ ಮುಖಪುಟದೊಡನೆ ಸೃಷ್ಟಿಸಿದ ಪಾತ್ರ ಅದು. ಕಥೆಯ ತಿರುವಿಗಾಗಿ ಆ ನೆನಪನ್ನು ಬಳಸಿಕೊಂಡದ್ದು ಹಲವರಿಗೆ ನೋವುಂಟುಮಾಡಿತು; ಎರಡನೆಯ ಸಂಚಿಕೆಯ ವಿವರಣೆಯಿಂದ ಅದು ಮಾಯುವಂಥದಾಗಿರಲಿಲ್ಲ.

ಬ್ಯಾಟ್‌ಮನ್ ಮತ್ತು ಕ್ಯಾಟ್‌ವುಮನ್‌ರ ಮದುವೆಯ ಪ್ರಕರಣದಲ್ಲಿ ಪೆಟ್ಟು ಬಿದ್ದದ್ದು ಅಂಗಡಿಯವರಿಗೆ. ಟಾಮ್ ಕಿಂಗ್ ಬರೆದ ‘ಬ್ಯಾಟ್‌ಮನ್’ 50ನೆಯ ಸಂಚಿಕೆಯನ್ನು ತಿಂಗಳುಗಳ ಕಾಲ ಮದುವೆಯ ಸಂಚಿಕೆಯೆಂದೇ ಪ್ರಚಾರ ಮಾಡಲಾಗಿತ್ತು, ಅದನ್ನು ನಂಬಿದ ಅಂಗಡಿಗಳು ತಮ್ಮದೇ ವಿಶೇಷ ಮುಖಪುಟಗಳಿಗೆ ಹಣ ತೊಡಗಿಸಿ, ಮದುವೆಯ ಔತಣದಂಥ ಕೂಟಗಳನ್ನು ಏರ್ಪಡಿಸಿದ್ದವು. ಸಂಚಿಕೆ ಬರಬೇಕಾಗಿದ್ದದ್ದು 2018ರ ಜುಲೈ 4ರಂದು. ಅದಕ್ಕೆ ಮೂರು ದಿನ ಮೊದಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಯು ವಧು ಮಂಟಪಕ್ಕೆ ಬರುವುದಿಲ್ಲವೆಂಬುದನ್ನು ಶೀರ್ಷಿಕೆಯಿಂದಲೇ ಬಯಲು ಮಾಡಿತು. ಸಾಹಿತ್ಯದ ದೃಷ್ಟಿಯಿಂದ ಆ ಸಂಚಿಕೆ ಒಳ್ಳೆಯದೇ, ಇಬ್ಬರು ಒಬ್ಬರನ್ನೊಬ್ಬರು ಕಣ್ಣುಗಳ ಮೂಲಕ ನೆನೆಯುವ ಪುಟಗಳು ಅಲ್ಲಿ ಮನಸ್ಸಿನಲ್ಲಿ ಉಳಿಯುವಂತಿವೆ. ಆದರೆ ತಾನು ತರಿಸಿದ ಪ್ರತಿಗಳ ರಾಶಿಯ ಮುಂದೆ ನಿಂತ ಅಂಗಡಿಯವನಿಗೆ ಆ ಸೊಬಗಿನಿಂದ ಸಮಾಧಾನ ಸಿಕ್ಕೀತೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ದೀರ್ಘಕಾಲದ ಅಸಮಾಧಾನವೂ ಕೆಲವೊಮ್ಮೆ ಒಂದು ಒಳ್ಳೆಯ ಪುಸ್ತಕವನ್ನು ತರುತ್ತದೆ. 1987ರಲ್ಲಿ ಮದುವೆಯಾಗಿದ್ದ ಪೀಟರ್ ಪಾರ್ಕರ್ ಮತ್ತು ಮೇರಿ ಜೇನ್‌ರ ದಾಂಪತ್ಯವನ್ನು 2007ರ ‘ಒನ್ ಮೋರ್ ಡೇ’ ಕಥೆಯಲ್ಲಿ ಮೆಫಿಸ್ಟೋ ಎಂಬ ಪಿಶಾಚಿಯೊಡನೆ ಒಪ್ಪಂದದ ಮೂಲಕ ಅಳಿಸಿಹಾಕಲಾಯಿತು. ಸಾವಿನಂಚಿನಲ್ಲಿದ್ದ, ಪೀಟರ್‌ನ ದೊಡ್ಡಮ್ಮ ಮೇಯ ಜೀವಕ್ಕೆ ಬದಲಾಗಿ ಆ ಮದುವೆ ಎಂದೂ ನಡೆದೇ ಇಲ್ಲವೆಂಬಂತಾಯಿತು. ನಾಯಕನು ಯುವಕನಾಗಿಯೇ ಇರಬೇಕೆಂಬುದು ಸಂಪಾದಕರ ಕಾರಣ. ಅವನೊಡನೆ ತಾವೂ ಬೆಳೆದು, ಮದುವೆಯಾಗಿ, ಮಕ್ಕಳನ್ನು ಪಡೆದ ಓದುಗರಿಗೆ ತಮ್ಮ ಬದುಕಿನ ಹದಿನೆಂಟಿಪ್ಪತ್ತು ವರ್ಷಗಳೇ ಅಳಿಸಿಹೋದಂತೆ ಅನ್ನಿಸಿತು. ಆ ಬೇಸರ ಹದಿನಾರು ವರ್ಷ ಆರಲಿಲ್ಲ. 2024ರ ಜನವರಿಯಲ್ಲಿ ಜಾನಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಅವರ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ ಬಂದಾಗ, ಅದರ ಪೀಟರ್ ಮೂವತ್ತರ ನಡುವಯಸ್ಸಿನ ಗೃಹಸ್ಥ, ಎರಡು ಮಕ್ಕಳ ತಂದೆ, ಶಕ್ತಿ ದೊರೆಯುವುದೇ ಸಂಸಾರಸ್ಥನಾದ ಮೇಲೆ. ಈ ಪ್ರಕಟಣೆಗೆ ದೊರೆತ ಮುಂಗಡ ಸ್ವಾಗತವು ಮುಖಪುಟದ ಹೊಳಪಿನಿಂದ ಬಂದದ್ದಲ್ಲ, ಓದುಗರು ಹದಿನಾರು ವರ್ಷಗಳಿಂದ ಕೇಳುತ್ತಿದ್ದ ಪ್ರಶ್ನೆಗೆ ಯಾರೋ ಕಡೆಗೂ ಉತ್ತರ ಕೊಡಲಿದ್ದಾರೆಂಬ ನಂಬಿಕೆಯಿಂದ ಬಂದದ್ದು. ಓದುವ ಮೊದಲಿನ ಪ್ರತಿಕ್ರಿಯೆ ಅತ್ಯಂತ ಆರೋಗ್ಯಕರವಾಗಿರುವುದು ಹೀಗೆ ಅದರ ಹಿಂದೆ ದೀರ್ಘ ಓದು ಇರುವಾಗಲೇ.

ಆದರೆ ಮುಂಗಡ ಬೇಡಿಕೆಯಲ್ಲಿ ಯಾರ ದನಿ ಸೇರುವುದೇ ಇಲ್ಲ ಎಂಬುದೇ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಕಾಮಿಕ್ಸ್ ಅಂಗಡಿಯ ವಾಡಿಕೆ ಗೊತ್ತಿಲ್ಲದ ಹದಿಹರೆಯದ ಹುಡುಗಿ, ಗ್ರಂಥಾಲಯದಲ್ಲಿ ಓದುವವನು, ಐದಾರು ಸಂಚಿಕೆಗಳನ್ನು ಒಟ್ಟು ಹೊಲಿದ ಸಂಕಲನಕ್ಕಾಗಿ ಕಾಯುವವನು, ಬೇರೆ ದೇಶದಲ್ಲಿರುವವನು ಇವರು ಯಾರೂ ಎಫ್‌ಓಸಿ ಗಡುವಿನೊಳಗೆ ಎಣಿಕೆಗೆ ಬರುವುದಿಲ್ಲ. 2014ರಲ್ಲಿ ಜಿ. ವಿಲ್ಲೋ ವಿಲ್ಸನ್ ಮತ್ತು ಏಡ್ರಿಯನ್ ಅಲ್ಫೋನಾ, ಸಂಪಾದಕಿ ಸನಾ ಅಮಾನತ್‌ರೊಡನೆ ಸೇರಿ ರೂಪಿಸಿದ ‘ಮಿಸ್ ಮಾರ್ವೆಲ್’ ಇದನ್ನು ಬೆಳಕಿಗೆ ತಂದಿತು. ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಕುಟುಂಬದ ಕಮಲಾ ಖಾನ್ ಎಂಬ ಹುಡುಗಿಯ ಈ ಕಥೆ ಅಂಗಡಿಯ ಲೆಕ್ಕಕ್ಕಿಂತ ಡಿಜಿಟಲ್ ಪ್ರತಿಗಳಲ್ಲಿಯೂ ಸಂಕಲನಗಳಲ್ಲಿಯೂ ಹೆಚ್ಚು ಬಲ ತೋರಿತು, 2015ರಲ್ಲಿ ಅದರ ಮೊದಲ ಸಂಪುಟಕ್ಕೆ ಹ್ಯೂಗೋ ಪ್ರಶಸ್ತಿ ಬಂದಿತು. ಅದೇ ಕಮಲಾಳನ್ನು 2023ರ ಮೇ ತಿಂಗಳಲ್ಲಿ ಸ್ಪೈಡರ್-ಮ್ಯಾನ್‌ನ ಸಂಚಿಕೆಯೊಂದರಲ್ಲಿ ಕೊಲ್ಲಲಾಗುವುದೆಂಬ ಸುದ್ದಿ ಮುಂಚಿತವಾಗಿ ಸೋರಿದಾಗ, ಅವಳದಲ್ಲದ ಪುಸ್ತಕದಲ್ಲಿ, ಬೇರೊಬ್ಬ ನಾಯಕನ ದುಃಖಕ್ಕಾಗಿ ಅವಳನ್ನು ಬಲಿಕೊಡುವುದೇಕೆಂದು ಓದುಗರು ಕೇಳಿದ ಪ್ರಶ್ನೆ ತೀರ ಯುಕ್ತವಾದದ್ದು. ಜುಲೈನಲ್ಲಿಯೇ ಅವಳನ್ನು ಬದುಕಿಸಲಾಯಿತು. ಪ್ರಶ್ನೆ ಹಾಗೆಯೇ ಉಳಿಯಿತು.

ಭಾರತದ ಓದುಗರ ದನಿ ಅಲ್ಲಿಗೆ ತಲಪಲು ಹಿಡಿದ ಕಾಲ ಇನ್ನೂ ದೀರ್ಘ. ಕನ್ನಡದ ಹಿರಿಯ ತಲೆಮಾರು ಫ್ಯಾಂಟಮ್‌ನನ್ನು ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಸಂಚಿಕೆಗಳಲ್ಲಿ ಕಂಡದ್ದುಂಟು. ಅಲ್ಲಿ ಮುಂಗಡ ಬೇಡಿಕೆಯ ಮಾತಿರಲಿಲ್ಲ, ಅಂಗಡಿಗೆ ಬಂದರೆ ಓದು, ಇಲ್ಲದಿದ್ದರೆ ಇಲ್ಲ. 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಜೆ. ಕಾಂಗ್ ಅವರು ‘ಸ್ಪೈಡರ್-ಮ್ಯಾನ್: ಇಂಡಿಯಾ’ದಲ್ಲಿ ಮುಂಬಯಿಯ ಪವಿತ್ರ ಪ್ರಭಾಕರನನ್ನು ಸೃಷ್ಟಿಸಿದರು, ಧೋತಿಯುಟ್ಟು ಜಾಲ ಬೀಸುವ ಆ ಹುಡುಗನ ಕಥೆ ನಾಲ್ಕೇ ಸಂಚಿಕೆಗಳಿಗೆ ನಿಂತಿತು. ಎರಡು ವರ್ಷಗಳ ನಂತರ ದೇವರಾಜನ್ ಸಹಸಂಸ್ಥಾಪಕರಾಗಿದ್ದ ವರ್ಜಿನ್ ಕಾಮಿಕ್ಸ್ ಬೆಂಗಳೂರಿನಲ್ಲಿ ಚಿತ್ರಶಾಲೆ ನಡೆಸಿ, ಇಲ್ಲಿಯ ಕಲಾವಿದರ ಕೈಯಲ್ಲಿ ಅಮೆರಿಕದ ಅಂಗಡಿಗಳಿಗೆ ಪುಟಗಳನ್ನು ಬರೆಸಿತು. ಪವಿತ್ರ ಮಾತ್ರ ದೀರ್ಘಕಾಲ ಬದಿಗೇ ಉಳಿದು, 2023ರಲ್ಲಿ ‘ಅಕ್ರಾಸ್ ದ ಸ್ಪೈಡರ್-ವರ್ಸ್’ ಚಲನಚಿತ್ರದಲ್ಲಿ ಪ್ರೇಕ್ಷಕರ ಮನ ಗೆದ್ದನು, ಆ ವರ್ಷವೇ ಅವನಿಗೆ ಹೊಸ ಕಿರು ಮಾಲಿಕೆಯೊಂದು ದೊರೆಯಿತು. ಮುಂಬಯಿಯಲ್ಲಿ ಬೆಳೆದ ರಾಮ್ ವಿ. ಈ ನಡುವೆ ‘ಸ್ವಾಂಪ್ ಥಿಂಗ್’ನಲ್ಲಿ ಭಾರತ ಮೂಲದ ಲೀವೈ ಕಾಮೇಯ್ ಎಂಬ ನಾಯಕನನ್ನು ತಂದು, 2022ರಿಂದ ‘ಡಿಟೆಕ್ಟಿವ್ ಕಾಮಿಕ್ಸ್’ನಂಥ ಹಳೆಯ ಮಾಲಿಕೆಯನ್ನೇ ಬರೆದದ್ದು, ಓದುಗರ ಲೆಕ್ಕದ ಹೊರಗಿದ್ದ ನಾಡಿನಿಂದ ಲೇಖಕನೇ ಹೋಗಿ ಸೇರಿದ ಅಪರೂಪದ ಸಂಗತಿ.

ಅಂಗಡಿ, ವಿತರಕ, ಗಡುವು ಎಂಬ ಈ ಸರಪಳಿ ಈಗ ಅಲುಗಾಡುತ್ತಿದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣದಿಂದ ಡೈಮಂಡ್ ಎಂಬ ಪ್ರಧಾನ ವಿತರಕ ಸಂಸ್ಥೆಯು ಹೊಸ ಸಂಚಿಕೆಗಳ ಸಾಗಣೆ ನಿಲ್ಲಿಸಿತು. ಅದೇ ವರ್ಷ ಡಿಸಿ, ಮರುವರ್ಷ ಮಾರ್ವೆಲ್ ಬೇರೆ ವಿತರಕರನ್ನು ಆರಿಸಿಕೊಂಡವು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ರಕ್ಷಣೆ ಕೋರಿತು. ಆದರೂ ಮೂರು ತಿಂಗಳ ಮುಂಗಡ ಪ್ರಕಟಣೆ ಮತ್ತು ಕೊನೆಯ ಗಡುವಿನ ಕ್ರಮ ಬದಲಾಗಿಲ್ಲ. ಸೂಪರ್‌ಮ್ಯಾನ್, ಬ್ಯಾಟ್‌ಮನ್‌ರಿಗೆ ಈ ಕ್ರಮದಿಂದ ಆಗುವ ಹಾನಿ ಅಲ್ಪ. ಅವರ ಹೆಸರೇ ಬೇಡಿಕೆ. ಹಾನಿ ಆಗುವುದು ಹೊಸ ಪಾತ್ರಗಳಿಗೆ, ಹೊಸ ಲೇಖಕರಿಗೆ, ಓದಿದ ಮೇಲಷ್ಟೇ ರುಚಿ ತಿಳಿಯುವ ಕಥೆಗಳಿಗೆ. 1998ರಲ್ಲಿ ಆರಂಭವಾದ ‘ಸ್ಪೈಡರ್-ಗರ್ಲ್’ ಮಾಲಿಕೆಯು ಮತ್ತೆ ಮತ್ತೆ ನಿಲುಗಡೆಯ ಅಂಚಿಗೆ ಬಂದಾಗಲೂ, ಅದನ್ನು ಪ್ರೀತಿಸಿದ ಓದುಗರು ಒತ್ತಾಯಿಸಿ ಉಳಿಸಿಕೊಂಡದ್ದರಿಂದ ವರ್ಷಗಟ್ಟಲೆ ನಡೆಯಿತು. ಅಮೆರಿಕದ ಊರುಗಳಲ್ಲಿ ಮಕ್ಕಳ ಕೈಹಿಡಿದು ಬುಧವಾರದ ಹೊಸ ಸಂಚಿಕೆಗಳಿಗಾಗಿ ಕಾಮಿಕ್ಸ್ ಅಂಗಡಿಗೆ ಹೋಗುವ ಕನ್ನಡ ಕುಟುಂಬಗಳೂ ಈ ಕೆಲಸವನ್ನು ಮಾಡಬಹುದು: ಹೆಸರೇ ಕೇಳಿರದ ಪಾತ್ರದ ಮೊದಲ ಸಂಚಿಕೆ ಮನೆಯಲ್ಲಿ ಯಾರಿಗಾದರೂ ಹಿಡಿಸಿದರೆ, ಸಂಕಲನ ಬರಲೆಂದು ಕಾಯದೆ, ಮುಂದಿನ ಸಂಚಿಕೆಯ ಗಡುವು ಮುಗಿಯುವ ಮೊದಲೇ ಅಂಗಡಿಯವರ ಪಟ್ಟಿಯಲ್ಲಿ ಹೆಸರು ಬರೆಸಿ ಬರಬೇಕು.